ಸ್ವಇಚ್ಛೆಯಿಂದ

ದೀಪಾವಳಿ ರಜೆಯ ಒಂದು ಮಧ್ಯಾಹ್ನ, ಖಾನಾಪುರ ತಾಲ್ಲೂಕಿನ ಕಾಡಿನೊಳಗಿನ ಹಳ್ಳಿಯೊಂದರ ಪಡಸಾಲೆಯಲ್ಲಿ ಕುಳಿತು ನಾನೊಂದು ಅರ್ಜಿ ಬರೆದುಕೊಟ್ಟೆ. ಒಂದೂವರೆ ಪುಟದ ಅರ್ಜಿ. ಬರೆಯಲು ಅರ್ಧ ಗಂಟೆ ಸಾಕಾಯಿತು. ಆದರೆ ಅದರಲ್ಲಿ ಬರೆದ ಒಂದು ಪದದ ಬಗ್ಗೆ ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. "ನಾವು ನಮ್ಮ ಸ್ವಇಚ್ಛೆಯಿಂದ ಈ ಗ್ರಾಮವನ್ನು ಬಿಟ್ಟು ಹೊರಗೆ ನೆಲೆಸಲು ಒಪ್ಪಿರುತ್ತೇವೆ" ಎಂಬ ಸಾಲಿನಲ್ಲಿ ಆ ಪದ ಬರುತ್ತದೆ.

ನಾನು ಬೆಳಗಾವಿಯಲ್ಲಿ ಕಾಲೇಜು ಮೇಷ್ಟ್ರು. ಆ ಹಳ್ಳಿಯ ಹುಡುಗಿಯೊಬ್ಬಳು ನನ್ನ ವಿದ್ಯಾರ್ಥಿನಿ. ಅವರ ಮನೆಯಲ್ಲಿ ಕನ್ನಡ ಬರೆಯಬಲ್ಲವಳು ಅವಳೊಬ್ಬಳೇ. ಆದರೂ ಸರ್ಕಾರಿ ಕಾಗದವೆಂದರೆ ಮೇಷ್ಟ್ರೇ ಬರೆಯಬೇಕು ಎಂದು ಅವಳ ಅಪ್ಪನ ಹಟ. ಹಾಗಾಗಿ ಹೋದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೂವತ್ತು ನಲವತ್ತು ಮನೆಗಳ ಊರಿನಲ್ಲಿ ಕಾಲೇಜು ಓದುತ್ತಿರುವ ಹುಡುಗಿ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಆ ಮನೆಯ ಮಾತು ಆ ಮನೆಯದ್ದು.

ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರ್. ನಾಲ್ಕು ಲೇನಿನ ರಸ್ತೆ. ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕು ಒಂದು ಜೊಂಪು ಹತ್ತುವಷ್ಟರಲ್ಲಿ ಮಲಪ್ರಭೆಯ ಸೇತುವೆ ಬಂದುಬಿಡುತ್ತದೆ. ಖಾನಾಪುರ ಹಂಚಿಗೆ, ಮಡಕೆಗೆ ಹೆಸರಾದ ಊರು. ಇಲ್ಲಿನ ಕುಂಬಾರಿಕೆ ತರಬೇತಿ ಕೇಂದ್ರಕ್ಕೆ ದೇಶದ ಬೇರೆ ಬೇರೆ ಕಡೆಯಿಂದ ಜನ ಬಂದು ಮಣ್ಣು ಹದ ಮಾಡುವುದನ್ನು ಕಲಿತು ಹೋಗಿದ್ದಾರೆ. ಅಲ್ಲಿಂದ ಒಂದು ದಾರಿ ನಂದಗಡ, ಹಲಸಿಯ ಕಡೆಗೆ ಹೊರಳುತ್ತದೆ. ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಹಲಸಿ ಕದಂಬರ ಎರಡನೆಯ ರಾಜಧಾನಿ, ಶಾಸನಗಳಲ್ಲಿ ಬರುವ ಪಲಾಶಿಕಾ. ಇಲ್ಲಿಯ ತನಕ ಎಲ್ಲವೂ ಪಠ್ಯಪುಸ್ತಕದಲ್ಲಿದೆ, ಪ್ರವಾಸದ ನಕಾಶೆಯಲ್ಲಿದೆ. ಇನ್ನೊಂದು ದಾರಿ ಪಶ್ಚಿಮಕ್ಕೆ, ಕಾಡಿಗೆ ಹೋಗುತ್ತದೆ. ಸ್ವಲ್ಪ ದೂರ ಡಾಂಬರು, ಆಮೇಲೆ ಜಲ್ಲಿ, ಆಮೇಲೆ ಕೆಂಪು ಮಣ್ಣು, ಆಮೇಲೆ ಹಳ್ಳ. ನಾನು ಹೋದ ಹಳ್ಳಿ ಆ ಹಳ್ಳದ ಆಚೆಗಿದೆ.

ಬೆಳಗಾವಿಯಿಂದ ಖಾನಾಪುರಕ್ಕೆ ಮುಕ್ಕಾಲು ಗಂಟೆ. ಖಾನಾಪುರದಿಂದ ಆ ಹಳ್ಳಿಗೆ ಎಷ್ಟು ಹೊತ್ತು ಎಂದು ಕೇಳಿದರೆ ಊರವರು ಮೊದಲು "ಯಾವ ತಿಂಗಳದಾಗ್ರಿ?" ಎನ್ನುತ್ತಾರೆ. ಬೇಸಿಗೆಯಲ್ಲಿ ಬೈಕು ಮನೆಯ ಬಾಗಿಲಿಗೇ ಬರುತ್ತದೆ. ಮಳೆಗಾಲದಲ್ಲಿ ಹಳ್ಳ ಇಳಿಯುವ ತನಕ ಕಾಯಬೇಕು. ಅದು ಒಂದು ದಿನವೂ ಆಗಬಹುದು, ನಾಲ್ಕು ದಿನವೂ ಆಗಬಹುದು. ಈ ಭಾಗದ ಮಳೆ ಸಾಮಾನ್ಯ ಮಳೆಯಲ್ಲ. ಇದೇ ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗಿತ್ತು. ಆಗುಂಬೆಯನ್ನೂ ಮೀರಿಸಿದ ಮಳೆ ಎಂದು ಪತ್ರಿಕೆಗಳು ಬರೆದವು. ಅದೇ ಆಮಗಾಂವ ಮತ್ತೆ ಸುದ್ದಿಯಾದದ್ದು 2024ರ ಜುಲೈನಲ್ಲಿ, ಎದೆನೋವೆಂದ ಹೆಣ್ಣುಮಗಳೊಬ್ಬಳನ್ನು ಊರವರು ಮಳೆಯಲ್ಲಿ ಕಾಡುದಾರಿ ಹಿಡಿದು ಮೈಲುಗಟ್ಟಲೆ ಹೊತ್ತು ತಂದಾಗ. ಚಿತ್ರ ನೋಡಿ ನಾವೆಲ್ಲ ಮರುಗಿದೆವು. ನಾನೂ ಮೊಬೈಲಿನಲ್ಲಿ ನಾಲ್ಕು ಜನರಿಗೆ ಕಳಿಸಿದೆ. ಬೆಳಗಾವಿಯಲ್ಲಿ ಆ ದಿನವೂ ಮಳೆ ಇತ್ತು, ಟಿಳಕವಾಡಿಯ ಕೆಳಗಿನ ರಸ್ತೆಯಲ್ಲಿ ನೀರು ನಿಂತಿದ್ದಕ್ಕೆ ನಾವು ಮಹಾನಗರ ಪಾಲಿಕೆಯನ್ನು ಬೈಯುತ್ತಿದ್ದೆವು.

ಈ ಕಾಡು 2011ರ ಕೊನೆಗೆ ಭೀಮಗಡ ವನ್ಯಜೀವಿಧಾಮವಾಯಿತು. ಸುಮಾರು 190 ಚದರ ಕಿಲೋಮೀಟರ್. ಒಳಗೆ ಹತ್ತಕ್ಕೂ ಹೆಚ್ಚು ಹಳ್ಳಿಗಳಿವೆ: ಗವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ತಳೇವಾಡಿ, ಹೀಗೆ. ಕಾಡನ್ನು ಉಳಿಸಲು ಕಾರಣಗಳು ಗಟ್ಟಿಯಾಗಿಯೇ ಇವೆ, ಅವನ್ನು ಮುಚ್ಚಿಟ್ಟು ಹಳ್ಳಿಯ ಪರ ವಾದ ಮಾಡುವುದು ಸರಿಯಲ್ಲ. ಮಹದಾಯಿ ಹುಟ್ಟುವುದು ಇಲ್ಲಿ. ಮಲಪ್ರಭೆ ಹುಟ್ಟುವುದು ಪಕ್ಕದ ಕಣಕುಂಬಿಯಲ್ಲಿ. ಬಾರಾಪೇಡೆಯ ಗುಹೆಗಳಲ್ಲಿ ಒಂದು ಜಾತಿಯ ಬಾವಲಿ ಇದೆ. ಜಗತ್ತಿನಲ್ಲಿ ಅದಕ್ಕೆ ಇದೊಂದೇ ನೆಲೆ ಎಂದು ಬಹುಕಾಲ ತಿಳಿಯಲಾಗಿತ್ತು. ಈ ಕಾಡು ಬೋಳಾದರೆ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಸವದತ್ತಿ, ನರಗುಂದ, ನವಲಗುಂದದ ರೈತ ಬಾಯಿ ಬಾಯಿ ಬಿಡಬೇಕು. ನಮ್ಮ ಮನೆತನ ಮೂಲತಃ ಸವದತ್ತಿ ತಾಲ್ಲೂಕಿನದು. ಆ ನೀರಿನ ಋಣ ನನ್ನ ಮೇಲೂ ಇದೆ.

ಇನ್ನೊಂದು ಮಾತನ್ನೂ ಹೇಳಬೇಕು. ಈ ನೆಲವನ್ನು ಬೇಕು ಎನ್ನುವವರಿಗೆ ಎಂದೂ ಕೊರತೆಯಾಗಿಲ್ಲ. 1956ರಲ್ಲಿ ಮುಂಬೈ ರಾಜ್ಯದಿಂದ ಮೈಸೂರಿಗೆ ಬಂದಾಗಿನಿಂದ ಎರಡು ರಾಜ್ಯಗಳು ಖಾನಾಪುರ ನಮ್ಮದು ಎನ್ನುತ್ತಿವೆ. 1967ರಲ್ಲಿ ಮಹಾಜನ ವರದಿ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು, 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. ನೀರಿನ ಮೇಲೆ ಗೋವೆಯೂ ಹಕ್ಕು ಹೇಳಿತು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಪಾಲು 13.42 ಟಿಎಂಸಿ ಎಂದು ಲೆಕ್ಕ ಹಾಕಿ ಕೊಟ್ಟಿತು. ಹುಡುಗಿಯ ಅಜ್ಜಿಗೆ ಈ ಇತಿಹಾಸ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿತ್ತು. "ಜನಗಣತಿಯವ್ರು ಬಂದು ಯಾವ ಭಾಷಿ ಅಂತ ಕೇಳತಾರ. ಚುನಾವಣಿಯವ್ರು ಬಂದು ಯಾವ ಪಾರ್ಟಿ ಅಂತ ಕೇಳತಾರ. ಏನ್ ಬೇಕವ್ವಾ ಅಂತ ಕೇಳಿದವ್ರು ಕಡಿಮಿ, ಮಾಸ್ತರ" ಎಂದಳು. ಅವಳು ಆಡಿದ್ದು ಮರಾಠಿ ಕೊಂಕಣಿ ಬೆರೆತ ಮಾತು. ಮೊಮ್ಮಗಳು ನನಗಾಗಿ ಕನ್ನಡದಲ್ಲಿ ಹೇಳಿದಳು. ಊರಲ್ಲಿ ಎಲ್ಲರೂ ಅವಳನ್ನು ಆಜಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ.

ಈಗ ಆ ಊರಿಗೆ ಒಂದು ಪ್ರಶ್ನೆ ಬಂದಿದೆ. ಕಾಡು ಬಿಟ್ಟು ಬರುತ್ತೀರಾ? ಬಂದರೆ ಕುಟುಂಬಕ್ಕೆ 15 ಲಕ್ಷ ರೂಪಾಯಿ. ತಳೇವಾಡಿಯ 27 ಕುಟುಂಬಗಳು ಒಪ್ಪಿಕೊಂಡು, 2025ರ ಮೇ ತಿಂಗಳಲ್ಲಿ ಮೊದಲ ಕಂತಿನ ಹಣ ಪಡೆದವು. ಆ ಸುದ್ದಿ ಕಾಡಿನ ಹಳ್ಳಿಹಳ್ಳಿಗೆ ಹಬ್ಬಿತು. ಇದು ಒಕ್ಕಲೆಬ್ಬಿಸುವಿಕೆ ಅಲ್ಲ, ಸ್ವಯಂಪ್ರೇರಿತ ಸ್ಥಳಾಂತರ ಎಂದು ಹೇಳಲಾಗುತ್ತದೆ. ಯಾರನ್ನೂ ಬಲವಂತದಿಂದ ಕಳಿಸುವುದಿಲ್ಲ ಎಂದೂ ಹೇಳಲಾಗುತ್ತದೆ. ಇದನ್ನು ಸುಳ್ಳು ಎನ್ನಲು ನನ್ನ ಬಳಿ ಏನೂ ಆಧಾರವಿಲ್ಲ. ಆ ದಿನ ಆ ಪಡಸಾಲೆಗೆ ಯಾರೂ ಲಾಠಿ ಹಿಡಿದು ಬಂದಿರಲಿಲ್ಲ. ಬಂದಿದ್ದವನು ಪೆನ್ನು ಹಿಡಿದ ನಾನು.

ಅರ್ಜಿ ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ. ಹುಡುಗಿ ಸಾಲು ಸಾಲಾಗಿ ಅಜ್ಜಿಗೆ ತಿಳಿಸುತ್ತ ಹೋದಳು. "ಸ್ವಇಚ್ಛೆಯಿಂದ" ಎಂಬಲ್ಲಿ ಅವಳು ತಡವರಿಸಿದಳು. ಇಚ್ಛಾ ಎಂಬುದು ಮರಾಠಿಯಲ್ಲೂ ಇದೆ, ಅದು ಆಜಿಗೆ ತಿಳಿಯಿತು. ಆದರೆ ಅವಳು ಕೇಳಿದ್ದು ಬೇರೆ. "ಇಚ್ಛಾ ಅಂದ್ರ ಆಸಿ ಅಲ್ಲೇನು? ನಂಗೇನು ಆಸಿ ಇಲ್ಲ. ಹೋಗೂದು ಬಂದೈತಿ, ಹೋಗತೇನಿ. ಹಂಗ ಬರೀರಿ."

ಹೋಗುವುದು ಬಂದಿದೆ, ಹೋಗುತ್ತೇನೆ. ಇದಕ್ಕೆ ಸರ್ಕಾರಿ ಕನ್ನಡದಲ್ಲಿ ಏನು ಬರೆಯುವುದು? "ಸ್ವಇಚ್ಛೆ" ತೆಗೆದು ಬರೀ "ಒಪ್ಪಿರುತ್ತೇವೆ" ಎಂದು ಬರೆಯಲೇ ಎಂದು ಕೇಳಿದೆ. ಹುಡುಗಿಯ ಅಪ್ಪ ಗಾಬರಿಯಾದ. ಆ ಶಬ್ದ ಇಲ್ಲದಿದ್ದರೆ ಕಾಗದ ತಿರುಗಿ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ನಿಜವೋ ಸುಳ್ಳೋ, ಪರೀಕ್ಷೆ ಮಾಡುವಷ್ಟು ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಪದ ಹಾಗೆಯೇ ಉಳಿಯಿತು. ಆಜಿ ಹೆಬ್ಬೆಟ್ಟು ಒತ್ತಿದಳು. ಬೆರಳಿಗೆ ಹತ್ತಿದ ಮಸಿಯನ್ನು ಕಂಬಕ್ಕೆ ಒರೆಸಿ, "ಚಹಾ ಘ್ಯಾ" ಎಂದು ಒಳಗೆ ಹೋದಳು.

ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಓದಿದ್ದೊಂದು ನೆನಪಾಯಿತು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ಬಿರುಗಾಳಿಗೆ ಸಿಕ್ಕ ಹಡಗಿನಿಂದ ಜನ ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ. ಅದನ್ನು ಇಷ್ಟಪಟ್ಟು ಮಾಡಿದರೋ, ಇಷ್ಟವಿಲ್ಲದೆ ಮಾಡಿದರೋ? ಸುಮ್ಮನೆ ಸರಕು ಎಸೆಯಲು ಯಾರಿಗೂ ಮನಸ್ಸಿರುವುದಿಲ್ಲ. ಆದರೆ ಆ ಹೊತ್ತಿಗೆ, ಜೀವ ಉಳಿಸಿಕೊಳ್ಳಲು, ಬುದ್ಧಿಯಿದ್ದವರು ಎಸೆಯುತ್ತಾರೆ. ಇಂಥ ಕೆಲಸಗಳು ಎರಡೂ ಬೆರೆತವು, ಆದರೂ ಇಷ್ಟಪಟ್ಟು ಮಾಡಿದವುಗಳಿಗೇ ಹತ್ತಿರ ಎನ್ನುತ್ತಾನೆ ಅವನು. ಏಕೆಂದರೆ ಸರಕು ಎತ್ತಿದ ಕೈ ಅವರದೇ, ಆ ಕ್ಷಣದ ತೀರ್ಮಾನವೂ ಅವರದೇ.

ಆಜಿಯ ಹೆಬ್ಬೆಟ್ಟು ಇದೇ ಜಾತಿಯದು ಎಂದುಕೊಂಡೆ. ಆದರೆ ಒಂದು ವ್ಯತ್ಯಾಸವಿತ್ತು. ಅರಿಸ್ಟಾಟಲನ ಹಡಗಿಗೆ ಬಡಿದದ್ದು ಬಿರುಗಾಳಿ. ಅದಕ್ಕೆ ಯಾರೂ ಹೊಣೆಯಲ್ಲ. ಈ ಹಳ್ಳಿಗೆ ಬಡಿದದ್ದು ಏನು? ಮಳೆ ಅಲ್ಲ. ಮಳೆಯ ಜೊತೆ ಅವರು ತಲೆಮಾರುಗಳಿಂದ ಬದುಕಿದ್ದಾರೆ, ಗೊರಬು ಹೊದ್ದು ಗದ್ದೆ ನಾಟಿ ಮಾಡಿದ್ದಾರೆ. ಅವರನ್ನು ಸೋಲಿಸಿದ್ದು ಹಳ್ಳದ ಮೇಲೆ ಇಲ್ಲದ ಸೇತುವೆ, ಹತ್ತಿರದಲ್ಲಿ ಇಲ್ಲದ ಆಸ್ಪತ್ರೆ, ನಾಲ್ಕನೆಯ ತರಗತಿಯ ಆಚೆ ಇಲ್ಲದ ಶಾಲೆ. ಇವು ಯಾವುವೂ ಆಕಾಶದಿಂದ ಬಂದವಲ್ಲ. ಅರಣ್ಯದೊಳಗೆ ರಸ್ತೆ ಆಗುವುದಿಲ್ಲ ಎಂಬ ಉತ್ತರ ಕೇಳಿ ಕೇಳಿ ಅವರ ಕಿವಿ ತುಂಬಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಶಾಲೆ, ರಸ್ತೆ, ಅಂಗನವಾಡಿಯಂಥ ಕೆಲಸಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಲು ಅವಕಾಶವಿದೆ. ವನ್ಯಜೀವಿಧಾಮದೊಳಗೆ ಅದಕ್ಕೆ ಇನ್ನಷ್ಟು ಅನುಮತಿಗಳ ಮೆಟ್ಟಿಲು ಹತ್ತಬೇಕು. ಆ ಮೆಟ್ಟಿಲು ಹತ್ತಬೇಕಾದವರು ಹೊಳೆ ದಾಟಲಾಗದ ಜನ.

ಹೀಗೆ ಯೋಚಿಸುತ್ತ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಇದು ಒಪ್ಪಿಗೆಯೇ ಅಲ್ಲ ಎಂದು. ನಮ್ಮ ಕಡೆಯ ಕನ್ನಡದಲ್ಲಿ ಒಂದು ಒಳ್ಳೆಯ ಕ್ರಿಯಾಪದ ಇನ್ನೂ ಬಳಕೆಯಲ್ಲಿದೆ, "ಒಲ್ಲೆ". ಬೇಡ ಎಂದರೆ ವಸ್ತು ಬೇಡ. ಒಲ್ಲೆ ಎಂದರೆ ನಾನು ಒಪ್ಪುವುದಿಲ್ಲ. ಊಟಕ್ಕೆ ಕರೆದರೆ ಮಗು "ನಾ ಒಲ್ಲೆ" ಎನ್ನುತ್ತದೆ. ತವರಿಗೆ ಬಂದ ಮಗಳು ಗಂಡನ ಮನೆಗೆ "ಒಲ್ಲೆ" ಎನ್ನುತ್ತಾಳೆ. ಒಲ್ಲೆ ಎಂದ ಮೇಲೂ ಮರುದಿನ ಬದುಕು ನಡೆಯುತ್ತದೆ ಎಂಬ ಧೈರ್ಯವಿದ್ದಾಗ ಮಾತ್ರ ಆ ಪದಕ್ಕೆ ಬೆಲೆ. ಆಜಿ "ಒಲ್ಲೆ" ಎಂದರೆ ಏನಾಗುತ್ತದೆ? ಅದೇ ಹಳ್ಳ, ಅದೇ ಮಳೆ, ಹೊತ್ತೊಯ್ಯಲು ಬೇಕಾದ ನಾಲ್ಕು ಹೆಗಲುಗಳು ಮಾತ್ರ ವರ್ಷ ವರ್ಷ ಕಡಿಮೆ. ನೆರೆಯವರು ಹೋದ ಮೇಲೆ ಉಳಿದವರ "ಒಲ್ಲೆ" ಇನ್ನೂ ತುಟ್ಟಿಯಾಗುತ್ತದೆ. ಒಲ್ಲೆ ಎನ್ನಲಾಗದವರ ಹ್ಞೂಂಗೆ ಅರ್ಥವಿಲ್ಲ. ಹೀಗೆ ನನ್ನ ವಾದ ಚೊಕ್ಕಟವಾಗಿ ಕೂತಿತ್ತು. ಲೇಖನವನ್ನೂ ಇಲ್ಲಿಗೇ ಮುಗಿಸಬಹುದಿತ್ತು.

ಮುಗಿಸಗೊಡಲಿಲ್ಲ ಆ ಹುಡುಗಿ. ರಜೆ ಮುಗಿದು ಕಾಲೇಜು ಶುರುವಾದ ಮೇಲೆ ಒಂದು ದಿನ ಸ್ಟಾಫ್ ರೂಮಿಗೆ ಬಂದಳು. ನಾನು ನನ್ನ ವಾದವನ್ನು ಅವಳಿಗೆ ಹೇಳಿದೆ. ಅವಳ ಪರವಾಗಿ ಮಾತಾಡುತ್ತಿದ್ದೇನೆ, ಖುಷಿಪಡುತ್ತಾಳೆ ಎಂಬ ಹುಮ್ಮಸ್ಸು ನನಗೆ. ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು.

"ಸರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನೀವು ಆಜಿದಷ್ಟ ಬರೀತೀರಿ. ನಾ ಹೋಗಬೇಕಂತೇನಿ. ಐದನೇತ್ತಾದಿಂದ ನಾ ಮಂದಿ ಮನ್ಯಾಗ ಇದ್ದು ಸಾಲಿ ಕಲಿತೇನಿ. ನನ್ನ ತಮ್ಮ ಹಂಗ ಇರೂದು ಬ್ಯಾಡ. ನಮ್ಮವ್ವ ಮಳಿಗಾಲದಾಗ ಬಸುರಿದ್ದಾಗ ಎರಡು ತಿಂಗಳು ಖಾನಾಪುರದಾಗ ಬೀಗರ ಮನಿ ಪಡಸಾಲ್ಯಾಗ ಇದ್ಲು. ನಂಗ ಅದು ಬ್ಯಾಡ. ಇದು ನನ್ನ ಇಚ್ಛಾ. ನೀವು ಇದು ಇಚ್ಛಾನೇ ಅಲ್ಲ, ಇವ್ರಿಗೆ ಗತಿ ಇಲ್ಲದ ಹೂಂ ಅಂದಾರ ಅಂದ್ರ, ನನ್ನ ಮಾತಿಗೆ ಏನ್ ಉಳೀತ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳು ಹೇಳಿದ್ದು ನಿಜ. ಬಡವನ ನಿರ್ಧಾರವನ್ನು ನಿರ್ಧಾರವೇ ಅಲ್ಲ, ಅದು ಬರೀ ಪರಿಸ್ಥಿತಿಯ ಒತ್ತಡ ಎಂದುಬಿಟ್ಟರೆ, ಅವನಿಗೆ ಸಹಾನುಭೂತಿ ಕೊಟ್ಟಂತೆ ಕಾಣುತ್ತದೆ. ಆದರೆ ಅವನ ಬಾಯಿಂದ ಮಾತನ್ನೇ ಕಿತ್ತುಕೊಂಡ ಹಾಗಾಗುತ್ತದೆ. ಹೌದು ಎಂದರೂ ಅದು ಅವನದಲ್ಲ, ಇಲ್ಲ ಎಂದರೂ ಅವನದಲ್ಲ. ಕಾಡಿನ ಹಳ್ಳಿಯ ಜನ ಕಾಡಿನಲ್ಲೇ ಇರಲು ಬಯಸುತ್ತಾರೆ, ಬಯಸಬೇಕು ಎಂಬುದು ನಗರದ ನಮಗೆ ಬಹಳ ಪ್ರಿಯವಾದ ಚಿತ್ರ. ಬೇಸಿಗೆಯಲ್ಲಿ ಅಲ್ಲಿಂದ ಬರುವ ಕವಳಿಹಣ್ಣನ್ನು ಎಲೆಯ ಪೊಟ್ಟಣದಲ್ಲಿ ಕೊಂಡು ತಿಂದು, ಎಂಥ ಚೆಂದದ ಬದುಕು ಎನ್ನುತ್ತೇವೆ. ಆ ಪೊಟ್ಟಣ ಮಾರಲು ನಸುಕಿನಲ್ಲಿ ಎದ್ದು ಬಂದವಳ ಕಾಲು ನೋಡುವುದಿಲ್ಲ.

ನನ್ನ ಅಪ್ಪನ ನೆನಪಾಯಿತು. ಐವತ್ತು ವರ್ಷಗಳ ಹಿಂದೆ ಅವರು ಸವದತ್ತಿ ಸೀಮೆಯ ಹಳ್ಳಿ ಬಿಟ್ಟು ಬೆಳಗಾವಿಗೆ ಬಂದರು. ಊರಲ್ಲಿ ಹೈಸ್ಕೂಲು ಇರಲಿಲ್ಲ, ನಾವು ಮೂರು ಮಕ್ಕಳು. "ಮಕ್ಕಳ ಸಾಲಿ ಸಲುವಾಗಿ ಬಂದೆ, ನನ್ನ ಖುಷಿಯಿಂದ ಬಂದೆ" ಎಂದು ಸಾಯುವ ತನಕ ಹೇಳುತ್ತಿದ್ದರು. ಅದನ್ನು ಯಾರಾದರೂ ಖುಷಿ ಅಲ್ಲ ಎಂದಿದ್ದರೆ ಅವರು ಅವರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಆದರೆ ಅವರು ಕೂಡ ಹಡಗಿನಿಂದ ಸರಕು ಎಸೆದವರೇ. ಹೊಲ ಲಾವಣಿಗೆ ಕೊಟ್ಟರು, ಎತ್ತು ಮಾರಿದರು. ಎತ್ತು ಮಾರಿದ ದಿನ ಊಟ ಮಾಡಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಖುಷಿಯೂ ನಿಜ, ಉಪವಾಸವೂ ನಿಜ.

ಹಾಗಾದರೆ ಅಪ್ಪನಿಗೂ ಆಜಿಗೂ ಏನು ವ್ಯತ್ಯಾಸ? ಎರಡು ಕಾಣುತ್ತವೆ ನನಗೆ. ಮೊದಲನೆಯದು, ಅಪ್ಪನ ಹಿಂದೆ ಬಾಗಿಲು ಮುಚ್ಚಲಿಲ್ಲ. ಊರು ಅಲ್ಲೇ ಇತ್ತು. ಯುಗಾದಿಗೆ ಹೋಗುತ್ತಿದ್ದೆವು, ಮನೆಯ ಮಾಳಿಗೆಗೆ ಮಣ್ಣು ಹಾಕಿಸಿ ಬರುತ್ತಿದ್ದೆವು. ಬೆಳಗಾವಿ ಒಗ್ಗದಿದ್ದರೆ ವಾಪಸು ಹೋಗಬಹುದಿತ್ತು. ಒಗ್ಗಿತು, ಹೋಗಲಿಲ್ಲ. ಆದರೆ ಹೋಗಬಹುದಿತ್ತು ಎಂಬುದು ಅವರ ಬೆನ್ನಿಗೆ ಗೋಡೆಯ ಹಾಗೆ ಇತ್ತು. ಕಾಡಿನ ಹಳ್ಳಿ ಹಾಗಲ್ಲ. ಬಿಟ್ಟ ಮೇಲೆ ಅದು ಊರಾಗಿ ಉಳಿಯುವುದಿಲ್ಲ, ಉಳಿಯಬಾರದು ಎಂಬುದೇ ಯೋಜನೆಯ ಉದ್ದೇಶ. ಎರಡನೆಯದು, ಅಪ್ಪನಿಂದ ಯಾರೂ "ಸ್ವಇಚ್ಛೆಯಿಂದ" ಎಂದು ಬರೆಸಿಕೊಳ್ಳಲಿಲ್ಲ.

ಆ ಎರಡನೆಯ ಮಾತೇ ನನ್ನನ್ನು ಮತ್ತೆ ಪದದ ಹತ್ತಿರ ತಂದಿತು. ಅಪ್ಪನ ಖುಷಿ ಅಪ್ಪನ ಮಾತು. ಅದನ್ನು ಅವರು ತಮಗೆ ಹೇಳಿಕೊಂಡರು, ನಮಗೆ ಹೇಳಿದರು. ಯಾರಿಗೂ ರಸೀದಿ ಕೊಡಲಿಲ್ಲ. ಆಜಿಯ ಸ್ವಇಚ್ಛೆ ಮಾತ್ರ ಕಾಗದದ ಮೇಲಿದೆ, ಇನ್ನೊಬ್ಬರ ಕಪಾಟಿನಲ್ಲಿದೆ. ಅದು ಯಾರಿಗಾಗಿ ಬರೆದ ಪದ? ಆಜಿಗೆ ಅದರ ಅಗತ್ಯವಿಲ್ಲ. ತನ್ನ ಮನಸ್ಸು ಏನೆಂದು ಅವಳಿಗೆ ಗೊತ್ತು. ಹುಡುಗಿಗೂ ಅಗತ್ಯವಿಲ್ಲ. ಆ ಪದದ ಅಗತ್ಯವಿರುವುದು ಪಡೆದುಕೊಳ್ಳುವವರಿಗೆ. ಅವರೇ ಒಪ್ಪಿ ಬಂದರು, ನಾವು ಕಳಿಸಲಿಲ್ಲ ಎಂದು ನಾಳೆ ಹೇಳಲು. ನಾವು ಎಂದರೆ ಬರೀ ಸರ್ಕಾರವಲ್ಲ. ಕಾಡು ಉಳಿಯಬೇಕು ಎನ್ನುವ ನಾನು, ಮಲಪ್ರಭೆಯ ನೀರು ಬೇಕು ಎನ್ನುವ ನನ್ನ ಸವದತ್ತಿಯ ಬಂಧುಗಳು, ಸಫಾರಿಗೆ ಹೋಗುವ ನನ್ನ ಗೆಳೆಯರು, ಎಲ್ಲರೂ.

ಇಲ್ಲಿ ನಾನು ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡು ಎಡವಿದ್ದೆ. ಈ ನಿರ್ಧಾರ ಆ ಜನರದ್ದೇ? ಇದು ಒಂದು ಪ್ರಶ್ನೆ. ಹೌದು, ಅವರದ್ದೇ. ಹುಡುಗಿ ಹೋಗಬೇಕೆನ್ನುವುದು ಅವಳ ನಿರ್ಧಾರ, ಆಜಿ ಹೋಗುವುದು ಬಂದಿದೆ ಎನ್ನುವುದು ಆಜಿಯ ನಿರ್ಧಾರ. ಅದನ್ನು ಗೌರವಿಸಬೇಕು. ಅವರ ನಿರ್ಧಾರದಿಂದ ನಮ್ಮ ಹೊಣೆ ತೀರಿತೇ? ಇದು ಇನ್ನೊಂದು ಪ್ರಶ್ನೆ. ಇಲ್ಲ, ತೀರಲಿಲ್ಲ. ಮೊದಲನೆಯದಕ್ಕೆ ಹೌದು ಎಂದ ಕೂಡಲೇ ಎರಡನೆಯದಕ್ಕೂ ಹೌದು ಎನ್ನುವುದು ಆಳುವವರ ತಪ್ಪು. ಎರಡನೆಯದಕ್ಕೆ ಇಲ್ಲ ಎನ್ನುವ ಅವಸರದಲ್ಲಿ ಮೊದಲನೆಯದಕ್ಕೂ ಇಲ್ಲ ಎನ್ನುವುದು ನನ್ನಂಥ ಬರೆಯುವವರ ತಪ್ಪು. ಸಾಲಗಾರ ತಾನಾಗಿಯೇ ಹೊಲ ಬರೆದುಕೊಡಬಹುದು, ಯೋಚಿಸಿಯೇ ಕೊಡಬಹುದು. ಅದಕ್ಕೂ ಮೊದಲು ಅವನ ಬಾವಿಗೆ ಮಣ್ಣು ತುಂಬಿದವನು ಯಾರು ಎಂಬ ಲೆಕ್ಕ ಆ ಕಾಗದದಿಂದ ಅಳಿಸುವುದಿಲ್ಲ.

ಹೀಗೆ ನೋಡಿದರೆ ಮಾಡಬೇಕಾದ ಕೆಲಸದ ಕ್ರಮವೂ ಬದಲಾಗುತ್ತದೆ. ಒಪ್ಪಿಗೆ ಕೇಳುವ ಮೊದಲು ಒಲ್ಲೆ ಎನ್ನುವ ಸ್ಥಿತಿಯನ್ನು ಕೊಡಬೇಕು. ಹಳ್ಳಕ್ಕೆ ಒಂದು ಕಾಲುಸೇತುವೆ, ಮಳೆಗಾಲಕ್ಕೆ ಒಬ್ಬ ನರ್ಸಮ್ಮ, ಮಕ್ಕಳಿಗೆ ಖಾನಾಪುರದಲ್ಲಿ ಹಾಸ್ಟೆಲಿನ ಜಾಗ. ಇವಿಷ್ಟರಿಂದ ಕಾಡು ಹಾಳಾಗುವುದಿಲ್ಲ. ಅದಾದ ಮೇಲೂ ಹೋಗುತ್ತೇವೆ ಎಂದವರ ಮಾತಿಗೆ ಆಗ ತೂಕ ಬರುತ್ತದೆ. ಹೇಗಿದ್ದರೂ ಹೋಗುವ ಊರು, ಇವರಿಗೆ ಸೇತುವೆ ಯಾಕೆ ಎಂಬ ಲೆಕ್ಕಾಚಾರವೇ ಒಪ್ಪಿಗೆಯನ್ನು ಕೆಡಿಸುವ ಹುಳ. ಕೊನೆಯ ಮನೆ ಇರುವ ತನಕ ಅದು ಊರು. ಒಂದೇ ಮನೆಯಲ್ಲಿ ಒಬ್ಬಳೇ ಮುದುಕಿ ಇದ್ದರೂ ಅವಳ ಎದೆನೋವು ಎದೆನೋವೇ.

ಇನ್ನು ಹೊರಗೆ ಬಂದವರ ಮಾತು. ಸ್ಥಳಾಂತರವೆಂದರೆ ಎಲ್ಲ ಕಡೆಯೂ ಕಣ್ಣೀರೇ ಎಂದಲ್ಲ. ಭದ್ರಾ ಅಭಯಾರಣ್ಯದಿಂದ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವರಿಗೆ ಹಣದ ಜೊತೆ ಉಳುವ ಭೂಮಿಯೂ ಸಿಕ್ಕಿತು, ಶಾಲೆ ಆಸ್ಪತ್ರೆ ಹತ್ತಿರವಾದವು. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಅದೂ ಒಂದು ಎನ್ನುತ್ತಾರೆ. ಅದೇ ರಾಜ್ಯದ ನಾಗರಹೊಳೆಯಿಂದ ಹೊರಬಂದಿದ್ದ ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ತಮ್ಮ ಹಳೆಯ ಹಾಡಿಗೆ ಹಿಂದಿರುಗಿ ಗುಡಿಸಲು ಕಟ್ಟಿಕೊಂಡವು. ತಳೇವಾಡಿಯವರಿಗೆ ಕಾಡು ಬಿಡಲು ಮೊದಲ ಕಂತು ಕೈಗೆ ಬಂದ ತಿಂಗಳೂ ಅದೇ. ಹೋಗುವವರೂ ಇದ್ದಾರೆ, ತಿರುಗಿ ಬರುವವರೂ ಇದ್ದಾರೆ. ಇಬ್ಬರ ಮಾತನ್ನೂ ಅವರವರ ಮಾತೆಂದೇ ಕೇಳಬೇಕು. ಒಬ್ಬರ ಮಾತು ಹಿಡಿದು ಇನ್ನೊಬ್ಬರ ಬಾಯಿ ಮುಚ್ಚಿಸಬಾರದು.

15 ಲಕ್ಷದಿಂದ ಖಾನಾಪುರದ ಹತ್ತಿರ ಒಂದು ಸಣ್ಣ ಜಾಗ, ಅದರ ಮೇಲೆ ಎರಡು ಕೋಣೆಯ ಮನೆ ಆದರೆ ಆಯಿತು. ಹೊಲ ಆಗುವುದಿಲ್ಲ, ದನಕ್ಕೆ ಮೇವಿನ ಬಯಲು ಆಗುವುದಿಲ್ಲ. ಹುಡುಗಿಯ ಅಪ್ಪ ಕಾಡಿನಲ್ಲಿ ರೈತ, ಹೊರಗೆ ಬಂದರೆ ಕೂಲಿ. ಅವನಿಗೆ ಇದು ಗೊತ್ತಿದೆ. ಗೊತ್ತಿದ್ದೂ ಸಹಿ ಮಾಡಿದ. ಮಗಳು ಕಾಲೇಜು ಮುಗಿಸಿ ಕೆಲಸ ಹಿಡಿಯುವ ತನಕ ಹೇಗೋ ನಡೆಯುತ್ತದೆ ಎಂಬ ಲೆಕ್ಕ ಅವನದು. ಆ ಲೆಕ್ಕದಲ್ಲಿ ನಮ್ಮ ಪಾಲೆಷ್ಟು ಎಂದು ಅವನು ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕಾದವರು ನಾವು.

ನಾನು ಬರೆದ ಪದವನ್ನು ಈಗ ಹಿಂದಕ್ಕೆ ಪಡೆಯಲಾಗುವುದಿಲ್ಲ. ಮತ್ತೊಂದು ಮನೆಗೆ ಅರ್ಜಿ ಬರೆಯಬೇಕಾಗಿ ಬಂದರೆ ಬರೆಯುತ್ತೇನೆಯೇ? ಬರೆಯುತ್ತೇನೆ. ಬರೆಯದೆ ಬಂದರೆ ನನ್ನ ಕೈ ಶುದ್ಧವಾಗಿ ಉಳಿಯಬಹುದು, ಅವರ ಕಾಗದ ಮಾತ್ರ ನಿಂತುಹೋಗುತ್ತದೆ. ಆದರೆ ಇನ್ನು ಮುಂದೆ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯಲು ಅವರನ್ನು ಕೇಳುತ್ತೇನೆ. ಈ ಊರಿಗೆ ಸೇತುವೆ ಬೇಕೆಂದು ಯಾವ ಯಾವ ವರ್ಷ ಅರ್ಜಿ ಕೊಟ್ಟಿದ್ದರು ಎಂಬ ಸಾಲು. ಸ್ವಇಚ್ಛೆಯೂ ಇರಲಿ, ಅದರ ಪಕ್ಕದಲ್ಲಿ ಅದು ಹುಟ್ಟಿದ ಬಗೆಯೂ ಇರಲಿ. ಕಾಗದ ತಿರುಗಿ ಬಂದರೆ ಆಗ ನೋಡೋಣ.

ಮೇ ತಿಂಗಳ ಕೊನೆಗೆ ಮತ್ತೊಮ್ಮೆ ಆ ಊರಿಗೆ ಹೋಗಿದ್ದೆ. ಹಣ ಇನ್ನೂ ಬಂದಿರಲಿಲ್ಲ, ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಳ್ಳದಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ. ಮನೆಯ ಮುಂದೆ ಏಣಿ ಹಾಕಿತ್ತು. ಹುಡುಗಿಯ ಅಪ್ಪ ಮಾಡಿನ ಮೇಲೆ ಕುಳಿತು ಒಡೆದ ಹಂಚು ತೆಗೆದು ಹೊಸ ಹಂಚು ಹೊದಿಸುತ್ತಿದ್ದ. ಆಜಿ ಕೆಳಗಿನಿಂದ ಒಂದೊಂದೇ ಹಂಚು ಎತ್ತಿ ಮೊಮ್ಮಗನ ಕೈಗೆ ಕೊಡುತ್ತಿದ್ದಳು. ಬಿಟ್ಟು ಹೋಗುವ ಮನೆಗೆ ಇಷ್ಟು ಖರ್ಚು ಯಾಕೆ ಎಂದು ನಾನು ಬಾಯಿತಪ್ಪಿ ಕೇಳಿದೆ.

ಆಜಿ ನಕ್ಕಳು. "ನಾವು ಸಹಿ ಮಾಡೇವಿ ಅಂತ ಮಳಿಗೆ ಏನ್ ಗೊತ್ತು, ಮಾಸ್ತರ?" ಎಂದು ಇನ್ನೊಂದು ಹಂಚು ಎತ್ತಿಕೊಂಡಳು. ನಾನು ಚೀಲ ಕೆಳಗಿಟ್ಟು ಸಾಲಿನಲ್ಲಿ ನಿಂತೆ.